ಬಾರದ ಬಸ್ಸು, ಇಲ್ಲದ ಕರೆಂಟು, ಏರಿದ ದರ: ಕೊಡಗಿನಲ್ಲಿ ಎರಡೂವರೆ ವರ್ಷದ ಅನುಭವ

ಸೋಮವಾರಪೇಟೆಗೆ ಹೊಂದಿಕೊಂಡ ಒಂದು ಹಳ್ಳಿಯಲ್ಲಿ ನನ್ನ ಮನೆ ಇದೆ. ಪೇಟೆಯಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ ನಡೆಸುತ್ತೇನೆ. ಮನೆಗೊಂದು ಮೀಟರು, ಅಂಗಡಿಗೊಂದು ಮೀಟರು. ವಾರದಲ್ಲಿ ಆರು ದಿನ ಬಸ್ ಪ್ರಯಾಣ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು, ಅದರ ಬೆನ್ನಿಗೇ ಮನೆಗಳಿಗೆ ಉಚಿತ ಕರೆಂಟಿನ ಗೃಹಜ್ಯೋತಿ ಬಂತು. ಅಂದಿನಿಂದ ಈವರೆಗೆ ಬಸ್ಸು, ಕರೆಂಟು ಎರಡನ್ನೂ ಬಳಸಿದವನ ಮಾತು ಇದು. ಒಂದು ವಾರದ ಸಿಟ್ಟಿನಲ್ಲಿ ಬರೆದದ್ದಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಮ್ಮ ಪಕ್ಕದ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವ ಹೆಂಗಸರು ಹಿಂದೆ ಜ್ವರ ಬಂದರೂ ಬಸ್ಸಿನ ದುಡ್ಡಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಉಳಿಯುತ್ತಿದ್ದರು. ಈಗ ಆಧಾರ್ ಕಾರ್ಡ್ ಹಿಡಿದು ಬಸ್ ಹತ್ತುತ್ತಾರೆ. ಆ ಶೂನ್ಯ ಟಿಕೆಟ್ ಅವರ ಕೈಯಲ್ಲಿ ಕಂಡಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ನಮ್ಮ ಮನೆಯ ಕರೆಂಟು ಬಿಲ್ಲು ಬೇಸಿಗೆಯ ತಿಂಗಳುಗಳಲ್ಲಿ ಸೊನ್ನೆ ಬಂದದ್ದೂ ಉಂಟು.

ಆದರೆ ಉಚಿತ ಪ್ರಯಾಣಕ್ಕೆ ಸರ್ಕಾರಿ ಬಸ್ಸು ಬರಬೇಕು. ನಮ್ಮ ರಸ್ತೆಗೆ ಬೆಳಿಗ್ಗೆ ಒಂದು ಬಸ್ ಇದೆ. ಸಂಜೆ ಊರಿಗೆ ಬಂದು ರಾತ್ರಿ ಇಲ್ಲೇ ತಂಗಿ ಬೆಳಿಗ್ಗೆ ಹೊರಡುತ್ತಿದ್ದ ಹಾಲ್ಟ್ ಬಸ್ಸನ್ನು ಕೊರೊನಾ ಕಾಲದಲ್ಲಿ ನಿಲ್ಲಿಸಿದರು, ಮತ್ತೆ ಬಿಡಲಿಲ್ಲ. ಮಡಿಕೇರಿಯ ಕಾಲೇಜಿಗೆ ಹೋಗುವ ನನ್ನ ಮಗಳು ಬೆಳಿಗ್ಗೆ ಉಚಿತವಾಗಿ ಹೋಗುತ್ತಾಳೆ, ಸಂಜೆ ದುಡ್ಡು ಕೊಟ್ಟು ಖಾಸಗಿ ಬಸ್ಸಿನಲ್ಲಿ ಬರುತ್ತಾಳೆ. ಕೊಡಗಿನಲ್ಲಿ ರೈಲಿಲ್ಲ. ಒಳಗಿನ ಎಷ್ಟೋ ರಸ್ತೆಗಳಲ್ಲಿ ಜನ ನಂಬಿಕೊಂಡಿರುವುದು ಖಾಸಗಿ ಬಸ್ಸುಗಳನ್ನೇ. ಅವುಗಳಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಎಲ್ಲ ಊರಿಗೂ ಸರ್ಕಾರಿ ಬಸ್ಸು ಸಾಲುಸಾಲಾಗಿ ಬರುತ್ತದೆ ಎಂದುಕೊಂಡು ಮಾಡಿದ ಯೋಜನೆ ಬೆಟ್ಟದ ಊರಿಗೆ ಅರ್ಧ ಮಾತ್ರ ತಲುಪುತ್ತದೆ.

ನಾನು ಗಂಡಸು, ಟಿಕೆಟ್ ತೆಗೆದುಕೊಳ್ಳುತ್ತೇನೆ. ಅದಕ್ಕೆ ತಕರಾರಿಲ್ಲ. 2025ರ ಜನವರಿ 5ರಿಂದ ಪ್ರಯಾಣ ದರ ಶೇ 15ರಷ್ಟು ಏರಿತು. ಡೀಸೆಲ್ಲು, ಸಂಬಳದ ಖರ್ಚು ಹೆಚ್ಚಿದೆ ಎಂದರು. ಹಿಂದಿನ ಏರಿಕೆ 2020ರಲ್ಲಿ ಆಗಿತ್ತು, ಹಾಗಾಗಿ ಆ ಕಾರಣವನ್ನು ನಾನು ಸುಳ್ಳು ಎನ್ನುವುದಿಲ್ಲ. ನನ್ನ 26 ರೂಪಾಯಿಯ ಟಿಕೆಟ್ 30 ಆಯಿತು. ನಾಲ್ಕು ರೂಪಾಯಿ ಹೆಚ್ಚು ಕೊಟ್ಟ ಮೇಲೆ ಸಂಜೆಯ ಬಸ್ಸು ತಿರುಗಿ ಬರಬಹುದು ಎಂದು ಕಾದೆ. ಬರಲಿಲ್ಲ. ಈಗ ಸಂಜೆ ಖಾಸಗಿ ಬಸ್ಸಿನಲ್ಲಿ ಕ್ರಾಸಿನವರೆಗೆ ಬಂದು, ಅಲ್ಲಿಂದ ಮೂರು ಕಿಲೋಮೀಟರ್ ತೋಟದ ನಡುವೆ ನಡೆಯಬೇಕು. ಅದು ಆನೆ ಓಡಾಡುವ ದಾರಿ. ಏಲಕ್ಕಿ ಗಿಡ ಮುರಿದ ಸದ್ದು ಕೇಳಿದರೆ ಟಾರ್ಚ್ ಆರಿಸಿ ನಿಲ್ಲುತ್ತೇನೆ, ಸದ್ದು ದೂರ ಹೋದ ಮೇಲೆ ಹೆಜ್ಜೆ ಇಡುತ್ತೇನೆ. ಮಗಳು ತಡವಾಗಿ ಬರುವ ದಿನ ಅವಳನ್ನು ಹಾಗೆ ನಡೆಸುವ ಧೈರ್ಯ ನನಗಿಲ್ಲ, ಆಟೋಗೆ 150 ರೂಪಾಯಿ ಕೊಡುತ್ತೇನೆ. ಟಿಕೆಟ್ಟಿನಲ್ಲಿ ಅವಳಿಗೆ ಉಳಿದದ್ದರಲ್ಲಿ ಒಂದು ಪಾಲು ಹೀಗೆ ಆಟೋಗೇ ಹೋಗುತ್ತದೆ.

ಕರೆಂಟಿನ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ನೋವಿರುವುದು ಅಲ್ಲಿಯೇ.

ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಹೊರಗಿನವರು ತಿಳಿದಿದ್ದಾರೆ. ಹಾಗಲ್ಲ. 2022–23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ 10 ಸೇರಿಸಿ ಆ ಮನೆಯ ಮಿತಿಯನ್ನು ಗೊತ್ತುಪಡಿಸಿದರು. ನಮ್ಮ ಸರಾಸರಿ 62 ಇತ್ತು, ಮಿತಿ 68 ಆಯಿತು. ಈಗ ಅವ್ವ ಹಾಸಿಗೆ ಹಿಡಿದಿದ್ದಾರೆ. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿ ಹಂಡೆಯ ಒಲೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಅವರಿಗೆ ಬಿಸಿನೀರು ಕಾಯಿಸಲು ಕರೆಂಟೇ ಗತಿ, ಅವರ ಬಟ್ಟೆ ಒಣಗಿಸಲು ಇಸ್ತ್ರಿಪೆಟ್ಟಿಗೆಯೇ ಗತಿ. ಆಗ ಮಿತಿ ದಾಟುತ್ತದೆ, ದಾಟಿದ್ದಕ್ಕೆ ದುಡ್ಡು ಕಟ್ಟುತ್ತೇವೆ. ಹಿಂದೆ 100 ಯೂನಿಟ್‌ವರೆಗೆ ಯೂನಿಟ್ಟಿಗೆ 4.75 ರೂಪಾಯಿ ಇತ್ತು. 2024ರ ಏಪ್ರಿಲ್‌ನಿಂದ ಎಲ್ಲ ಮನೆಗಳಿಗೂ ಒಂದೇ ದರ ಮಾಡಿ 5.90ಕ್ಕೆ ತಂದರು. 2025ರ ಏಪ್ರಿಲ್‌ನಲ್ಲಿ ಹತ್ತು ಪೈಸೆ ಇಳಿಸಿ 5.80 ಮಾಡಿದರು, ಜೊತೆಗೇ ಮನೆಗಳ ನಿಗದಿತ ಶುಲ್ಕವನ್ನು ಕಿಲೋವಾಟ್‌ಗೆ 120ರಿಂದ 145 ರೂಪಾಯಿಗೆ ಏರಿಸಿದರು. ಹೆಚ್ಚು ಬಳಸುವವರಿಗೆ ಹಿಂದಿದ್ದ ಏಳು ರೂಪಾಯಿಯ ದರ ಇಳಿಯಿತು, ಕಡಿಮೆ ಬಳಸುವವರ ದರ ಏರಿತು. ಇದು ಯಾವ ನ್ಯಾಯವೋ ನನಗೆ ಅರ್ಥವಾಗಿಲ್ಲ.

ಅದೇ ಏಪ್ರಿಲ್‌ನ ನಂತರದ ಬಿಲ್ಲನ್ನು ನಿಧಾನವಾಗಿ ಓದಿ. ಪಿಂಚಣಿ ಮತ್ತು ಗ್ರಾಚ್ಯುಟಿ ಎಂದು ಯೂನಿಟ್ಟಿಗೆ 36 ಪೈಸೆ ಸೇರಿಸಿದ್ದರು. ವಿದ್ಯುತ್ ನೌಕರರ ಪಿಂಚಣಿಗೆ ಸರ್ಕಾರ ಕೊಡಬೇಕಿದ್ದ ಪಾಲನ್ನು ಗ್ರಾಹಕರಿಂದ ತೆಗೆದುಕೊಳ್ಳುವ ಏರ್ಪಾಡು ಅದು. ದುಡಿದವರಿಗೆ ಪಿಂಚಣಿ ಸಿಗಲೇಬೇಕು. ಆದರೆ ತನ್ನ ಪಾಲನ್ನು ಸರ್ಕಾರ ಹೊಲಿಗೆ ಅಂಗಡಿಯವನ ತಲೆಗೆ ಹೊರಿಸಬಾರದು.

ಅಂಗಡಿಗೆ ಗೃಹಜ್ಯೋತಿ ಇಲ್ಲ. ಅಲ್ಲಿ ನಿಗದಿತ ಶುಲ್ಕವನ್ನು ಪ್ರತಿ ತಿಂಗಳೂ ಕಟ್ಟಬೇಕು, ಒಂದು ಬಲ್ಬು ಉರಿಯದಿದ್ದರೂ ಕಟ್ಟಬೇಕು. ಕಳೆದ ಕಕ್ಕಡದ (ಜುಲೈ–ಆಗಸ್ಟ್‌ನ) ಮಳೆಯಲ್ಲಿ ಸಿಲ್ವರ್ ಓಕ್ ಮರ ಬಿದ್ದು ಎರಡು ಕಂಬ ಮುರಿದವು. ಐದು ದಿನ ಕರೆಂಟು ಇರಲಿಲ್ಲ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಇನ್ನೂ ಮುಗಿಯದ ಸಮಯ ಅದು. ಮೋಟಾರಿನ ಮಿಷನ್ನುಗಳನ್ನು ಬಿಟ್ಟು, ಮೂಲೆಯಲ್ಲಿದ್ದ ಹಳೆಯ ತುಳಿಯುವ ಮಿಷನ್ನನ್ನು ಬಾಗಿಲ ಬೆಳಕಿಗೆ ಎಳೆದುಕೊಂಡೆ. ತೇವಕ್ಕೆ ಅದರ ಚರ್ಮದ ಬೆಲ್ಟು ಸಡಿಲವಾಗಿ ಚಕ್ರದಿಂದ ಜಾರುತ್ತಿತ್ತು. ಪಿನ್ನು ಬಿಚ್ಚಿ, ಒಂದಿಂಚು ಕತ್ತರಿಸಿ, ಮತ್ತೆ ಜೋಡಿಸಿ ತುಳಿದೆ. ದಿನಕ್ಕೆ ಹದಿನೈದು ಅಂಗಿ ಮುಗಿಸುವವನು ನಾಲ್ಕು ಮುಗಿಸಿದೆ. ತಿಂಗಳ ಬಿಲ್ಲು ಬಂದಾಗ ನಿಗದಿತ ಶುಲ್ಕದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಕಚೇರಿಗೆ ಹೋಗಿ ಕೇಳಿದೆ. ಅದು ಮಂಜೂರಾದ ಲೋಡಿನ (ಸಂಪರ್ಕಕ್ಕೆ ಗೊತ್ತುಮಾಡಿದ ಕಿಲೋವಾಟ್‌ನ) ಲೆಕ್ಕ, ಕರೆಂಟು ಬಂದ ದಿನಗಳ ಲೆಕ್ಕವಲ್ಲ ಎಂದರು. ನಾನು ಐದು ದಿನ ಬಾಡಿಗೆ ಕಟ್ಟದಿದ್ದರೆ ಅಂಗಡಿಯ ಮಾಲೀಕರು ಸುಮ್ಮನಿರುತ್ತಾರೆಯೇ?

ಲೈನ್‌ಮನ್‌ಗಳ ಬಗ್ಗೆ ನನಗೆ ಗೌರವವಿದೆ. ಆ ಐದು ದಿನವೂ ಇಬ್ಬರೇ ಹುಡುಗರು ಜಿಗಣೆ ಕಚ್ಚಿಸಿಕೊಳ್ಳುತ್ತ, ಸುರಿಯುವ ಮಳೆಯಲ್ಲಿ ಕಂಬ ಎಬ್ಬಿಸಿದರು. ಮರ ಕಡಿಯಲು ಗರಗಸ ತಂದದ್ದು ಊರಿನವರು, ಹಗ್ಗ ಎಳೆದದ್ದೂ ಊರಿನವರು. ದರ ಏರಿಸುವ ಮೊದಲು ಇಲ್ಲಿಗೆ ಇನ್ನಿಬ್ಬರನ್ನು ಕೊಟ್ಟಿದ್ದರೆ, ಮಳೆಗೆ ಮುಂಚೆ ತಂತಿಯ ಮೇಲಿನ ಕೊಂಬೆ ಸವರಿಸಿದ್ದರೆ, ನಾನು ಈ ವಿಮರ್ಶೆಯನ್ನು ಬೇರೆ ರೀತಿ ಬರೆಯುತ್ತಿದ್ದೆ.

ಅಂಕ ಕೊಡಬೇಕೆಂದರೆ ಬಸ್ಸಿಗೆ ಐದಕ್ಕೆ ಎರಡು, ಕರೆಂಟಿಗೆ ಒಂದೂವರೆ. ಆ ಒಂದೂವರೆಯೂ ಕಂಬ ಏರಿದ ಆ ಇಬ್ಬರಿಗೆ.

ನಾನು ಕೇಳುವುದು ಎರಡೇ. ಸಂಜೆಯ ಹಾಲ್ಟ್ ಬಸ್ಸನ್ನು ಮತ್ತೆ ಬಿಡಿ. 24 ಗಂಟೆಗಿಂತ ಹೆಚ್ಚು ಹೊತ್ತು ಕರೆಂಟು ಹೋದರೆ ಅಷ್ಟು ದಿನದ ನಿಗದಿತ ಶುಲ್ಕವನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಿರಿ. ಇದನ್ನೇ ಬರೆದು, ಊರಿನ 41 ಜನರ ಸಹಿ ಹಾಕಿಸಿ ಕೊಟ್ಟಿದ್ದೇವೆ. ಸಹಿಗಳಲ್ಲಿ ಒಂಬತ್ತು ಹೆಬ್ಬೆಟ್ಟು ಗುರುತುಗಳು, ಎಲ್ಲವೂ ಲೈನ್ ಮನೆಯ ಹೆಂಗಸರದು. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಅಂಗಡಿಯ ಕನ್ನಡಿಗೆ ಸಿಕ್ಕಿಸಿದ್ದೇನೆ. ಅಳತೆ ಕೊಡಲು ಬಂದವರು ಓದಿ, ತಮ್ಮ ಊರಿನ ಬಸ್ಸಿನ ಕಥೆ ಹೇಳುತ್ತಾರೆ.