ಫಿಂಚ್ ‘ಜೋಡಿ’ ಕೊಳ್ಳುವ ಮುಂಚೆ ಗಂಡು ಹಾಡುವುದನ್ನು ಕೇಳಿಸಿಕೊಳ್ಳಿ

ಶಿವಮೊಗ್ಗದ ಅಂಗಡಿಗಳಲ್ಲಿ ಫಿಂಚ್ ಅನ್ನುವ ಪುಟ್ಟ ಪಂಜರದ ಹಕ್ಕಿ ಕೇಳಿದರೆ ‘ಜೋಡಿ’ ಲೆಕ್ಕದಲ್ಲೇ ಕೊಡುತ್ತಾರೆ. ಇದು ಗಂಡು, ಇದು ಹೆಣ್ಣು ಅಂತ ಬೆರಳು ತೋರಿಸಿಬಿಡುತ್ತಾರೆ. ಆ ಬೆರಳನ್ನು ನಂಬಿ ದುಡ್ಡು ಕೊಡಬೇಡಿ. ತೀರ್ಥಹಳ್ಳಿಯ ನಮ್ಮ ಮನೆಗೆ ಹಾಗೆ ಬಂದ ಜೋಡಿಯಲ್ಲಿ ಎರಡೂ ಹೆಣ್ಣು. ಅವುಗಳಲ್ಲಿ ಒಂದು, ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡು ಸತ್ತುಹೋಯಿತು.

ನಾವು ತಂದದ್ದು ಬಿಳಿ ಝೀಬ್ರಾ ಫಿಂಚ್. ಬೂದು ಬಣ್ಣದ್ದಾದರೆ ಗುರುತಿಸುವುದು ಸುಲಭ. ಗಂಡಿಗೆ ಕೆನ್ನೆಯಲ್ಲಿ ಕಿತ್ತಳೆ ಮಚ್ಚೆ, ಪಕ್ಕೆಯ ಕಂದು ಬಣ್ಣದ ಮೇಲೆ ಬಿಳಿ ಚುಕ್ಕಿ, ಗಂಟಲಲ್ಲಿ ಸಣ್ಣ ಗೆರೆಗಳು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಹೆಣ್ಣಿಗೆ ಇವು ಯಾವುವೂ ಇಲ್ಲ. ಆದರೆ ಬಿಳಿ ಹಕ್ಕಿಯ ಮೈಮೇಲೆ ಈ ಗುರುತುಗಳೇ ಇರುವುದಿಲ್ಲ. ಉಳಿಯುವುದು ಕೊಕ್ಕು ಮಾತ್ರ. ಗಂಡಿನದು ಹವಳದ ಹಾಗೆ ಕೆಂಪು, ಹೆಣ್ಣಿನದು ಕಿತ್ತಳೆ. ಅಂಗಡಿಯ ಹಳದಿ ಬಲ್ಬಿನ ಕೆಳಗೆ ಅದೂ ಸರಿಯಾಗಿ ಕಾಣುವುದಿಲ್ಲ, ಪಂಜರವನ್ನು ಹೊರಗೆ ಬೆಳಕಿಗೆ ತರಿಸಿ ನೋಡಬೇಕು. ಇನ್ನು ಮರಿಗಳ ಕೊಕ್ಕು ಕಪ್ಪು. ಪೂರ್ತಿ ಬಣ್ಣ ಬರಲು 2–3 ತಿಂಗಳು ಬೇಕು. ನಮಗೆ ಕೊಟ್ಟ ಹಕ್ಕಿಗಳ ಕೊಕ್ಕಿನಲ್ಲಿ ಇನ್ನೂ ಕಪ್ಪು ಉಳಿದಿತ್ತು. ಆ ವಯಸ್ಸಿನ ಬಿಳಿ ಫಿಂಚ್ ತೋರಿಸಿ ‘ಇದು ಗಂಡು, ಗ್ಯಾರಂಟಿ’ ಅಂದರು. ದಿನವೂ ಹಕ್ಕಿ ಮಾರುವವರಿಗೆ ಇಷ್ಟು ಗೊತ್ತಿರಬೇಕು ಅಲ್ವಾ?

ಎರಡು ಹೆಣ್ಣು ಒಟ್ಟಿಗಿದ್ದರೆ ಅನುಮಾನವೇ ಬರುವುದಿಲ್ಲ. ಅಂಟಿಕೊಂಡು ಕೂರುತ್ತವೆ, ಒಂದರ ತಲೆ ಇನ್ನೊಂದು ಕೆದಕುತ್ತದೆ, ಸೇರಿ ಗೂಡು ಕಟ್ಟುತ್ತವೆ. ಸುಳಿವು ಸಿಗುವುದು ಮೊಟ್ಟೆಯಲ್ಲಿ. ಒಂದು ಹೆಣ್ಣು ಸಾಮಾನ್ಯವಾಗಿ 4ರಿಂದ 6 ಮೊಟ್ಟೆ ಇಡುತ್ತದೆ. ಒಂದೇ ಗೂಡಿನಲ್ಲಿ ಅದರ ಎರಡರಷ್ಟು ಕಂಡರೆ ಎರಡೂ ಇಡುತ್ತಿವೆ ಅಂತ ತಿಳಿಯಿರಿ. ಕಾವಿಗೆ ಕೂತ ಐದಾರು ದಿನದ ಮೇಲೆ ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಬೆಳೆಯುವ ಮರಿಯ ರಕ್ತನಾಳಗಳು ಕೆಂಪು ಎಳೆಗಳ ಹಾಗೆ ಕಾಣಬೇಕು. ನಮ್ಮ ಮೊಟ್ಟೆಗಳೆಲ್ಲ ಬರೀ ತಿಳಿ. ಎರಡು ವಾರವಾದರೂ ಮರಿ ಬರದೆ ಗೂಡು ಬಿಡುತ್ತಿದ್ದವು, ಮತ್ತೆ ಇಡುತ್ತಿದ್ದವು. ಹೀಗೆ ಇಟ್ಟೂ ಇಟ್ಟೂ ಮೈಯ ಕ್ಯಾಲ್ಸಿಯಂ ಖಾಲಿಯಾಗುತ್ತದೆ, ಆಗ ಮೊಟ್ಟೆ ಹೊರಗೆ ಬರದೆ ಸಿಕ್ಕಿಕೊಳ್ಳಬಹುದು. ಅದರ ಮೇಲೆ ಮಲೆನಾಡಿನ ಥಂಡಿ.

ಆರಿದ್ರಾ ಮಳೆ ಜಡಿ ಹಿಡಿದಾಗ ಒಂದು ಹಕ್ಕಿ ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕರೆಂಟ್ ಇಲ್ಲದೆ ಬಲ್ಬಿನ ಬಿಸಿ ಕೊಡಲು ಆಗಲಿಲ್ಲ. ಬಿಸಿನೀರಿನ ಬಾಟಲಿ ಇಟ್ಟೆವು, ಉಳಿಯಲಿಲ್ಲ. ನಿಮ್ಮ ಹಕ್ಕಿ ಹೀಗೆ ಕೂತರೆ ಬೆಚ್ಚಗೆ ಇಟ್ಟು ಕೂಡಲೇ ಪಶುವೈದ್ಯರ ಹತ್ತಿರ ಒಯ್ಯಿರಿ. ಹೊಟ್ಟೆ ಮಾತ್ರ ಒತ್ತಬೇಡಿ. ಮೊಟ್ಟೆ ಒಳಗೇ ಒಡೆದರೆ ಮುಗಿಯಿತು.

ಅಂಗಡಿಗೆ ಹೋಗಿ ಹೇಳಿದರೆ ‘ನಿಮ್ಮೂರಿನ ಹವಾ ಹಿಡಿಸಲಿಲ್ಲ’ ಅಂದರು. ಗಂಡು ಅಂತ ಸುಳ್ಳು ಹೇಳಿದ್ದಕ್ಕೆ ಉತ್ತರವಿಲ್ಲ. ಬದಲಿಗೆ ಬೆಂಗಾಲೀಸ್ ಫಿಂಚ್ ಜೋಡಿ ಕೊಡುತ್ತೇವೆ ಅಂತ ಹೊರಟರು. ಬೆಂಗಾಲೀಸ್‌ನಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ! ಪಂಜರದ ಇನ್ನೊಂದು ಹಕ್ಕಿ ಜಾವಾ ಸ್ಪ್ಯಾರೋ ಕೂಡ ಹಾಗೇ. ಕಣ್ಣಳತೆಯಲ್ಲಿ ಇವನ್ನು ಜೋಡಿ ಮಾಡಿ ಕೊಡುವವರನ್ನು ನಂಬಲೇಬೇಡಿ.

ನಂಬಬಹುದಾದದ್ದು ಹಾಡು. ಈ ಮೂರರಲ್ಲೂ ಹಾಡುವುದು ಗಂಡು. ಝೀಬ್ರಾ ಹೆಣ್ಣು ಪೀಂ ಪೀಂ ಅಂತ ಕೂಗುತ್ತದೆ ಅಷ್ಟೇ. ಬಲಿತ ಗಂಡು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಬೆಂಗಾಲೀಸ್ ಗಂಡು ಗರಿ ಉಬ್ಬಿಸಿ, ಕುಪ್ಪಳಿಸಿ ಹಾಡುತ್ತದೆ. ಅಂಗಡಿಯ ಗದ್ದಲದಲ್ಲಿ ಯಾವುದು ಹಾಡಿತು ಅಂತ ತಿಳಿಯದಿದ್ದರೆ ಗಂಡು ಅಂತ ತೋರಿಸಿದ ಹಕ್ಕಿಯನ್ನು ಸ್ವಲ್ಪ ಹೊತ್ತು ಬೇರೆ ಪಂಜರಕ್ಕೆ ಹಾಕಿಸಿ, ಆಮೇಲೆ ಹೆಣ್ಣಿನ ಪಕ್ಕಕ್ಕೆ ತರಿಸಿ. ಸಾಮಾನ್ಯವಾಗಿ ಆಗ ಶುರುಮಾಡುತ್ತದೆ. ಉಳಿದ ನಮ್ಮ ಹೆಣ್ಣಿಗೆ ಗಂಡನ್ನು ಹಾಗೇ ಕೇಳಿಸಿಕೊಂಡು, ಮನೆಯಲ್ಲಿ ಸಾಕುವವರೊಬ್ಬರಿಂದ ತಂದೆವು. ಹಾಡು ಕೇಳುವ ತನಕ ನಿಲ್ಲಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಕೊಂಡರೂ ‘ಒಂದು ಗಂಡು, ಒಂದು ಹೆಣ್ಣು, ತಪ್ಪಿದರೆ ಬದಲಿ’ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ವಿಷಯ. ಹಸಿರು, ಗುಲಾಬಿ ಬಣ್ಣದ ‘ಕಲರ್ ಫಿಂಚ್’ ಅಂತ ಯಾರಾದರೂ ತೋರಿಸಿದರೆ ಹುಷಾರು. ಎಷ್ಟೋ ಸಲ ಅವು ನಮ್ಮ ಗದ್ದೆ ಬಯಲಿನ ಕಾಡುಹಕ್ಕಿ ರಾಟವಾಳಗಳು (ಮುನಿಯಾ), ಹಿಡಿದು ಬಣ್ಣ ಹಚ್ಚಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ರಾಟವಾಳ ಮಾರುವುದೂ ಅಪರಾಧ, ಸಾಕುವುದೂ ಅಪರಾಧ.

ಈಗಾಗಲೇ ಎರಡು ಹೆಣ್ಣು ಮನೆಗೆ ಬಂದಿದ್ದರೆ ಅವನ್ನು ಬೇರೆ ಮಾಡಬೇಡಿ, ಒಂಟಿ ಫಿಂಚ್ ಸೊರಗುತ್ತದೆ. ಗೂಡಿನ ಮಡಕೆ, ನಾರು ಎರಡನ್ನೂ ಪಂಜರದಿಂದ ತೆಗೆಯಿರಿ, ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ನವಣೆಯ ಜೊತೆಗೆ ಕ್ಯಾಲ್ಸಿಯಂಗಾಗಿ ಕಟಲ್ ಬೋನ್ (ಕಟಲ್ ಫಿಶ್ ಅನ್ನುವ ಕಡಲ ಜೀವಿಯ ಒಳಚಿಪ್ಪು) ತುಂಡು ಯಾವಾಗಲೂ ಇರಲಿ. ಮಳೆಗಾಲ ಮುಗಿಯುವ ತನಕ ಪಂಜರವನ್ನು ಜಗಲಿಯಲ್ಲಿ ಇಡಬೇಡಿ, ಒಳಗೆ ಬೆಚ್ಚಗಿರುವ ಕೋಣೆಗೆ ತನ್ನಿ. ಅಡುಗೆಮನೆ ಬೇಡ, ಹೊಗೆ ಅವಕ್ಕೆ ಆಗದು.