ಪುಸ್ತಕಗಳ ಪಟ್ಟಿಗೆ ಯಾವುದು: ಗೂಗಲ್ ಶೀಟ್ಸಾ, ವಿಕಿಡೇಟಾನಾ?

ಊರಿನ ಲೈಬ್ರರಿಯ ಪುಸ್ತಕಗಳನ್ನು ಪಟ್ಟಿ ಮಾಡಬೇಕೆಂದರೆ ಎಲ್ಲರೂ ಮೊದಲು ತೆರೆಯುವುದು ಗೂಗಲ್ ಶೀಟ್ಸ್. ಹೊಸದಾಗಿ ಕಲಿಯುವುದು ಏನೂ ಇಲ್ಲ. ಬೀರು ನಂಬರ್, ಪುಸ್ತಕ ಒಯ್ದವರ ಹೆಸರು, ಎಲ್ಲ ಅಲ್ಲೇ ಬರೆದುಕೊಳ್ಳಬಹುದು.

ತೊಂದರೆ ಇರುವುದು ಲೇಖಕರ ಕಾಲಂನಲ್ಲಿ. ಒಬ್ಬರು 'ಕುವೆಂಪು' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಕೆ.ವಿ. ಪುಟ್ಟಪ್ಪ'. ಬೇಂದ್ರೆ ಒಂದು ಕಡೆ 'ಅಂಬಿಕಾತನಯದತ್ತ', ಮಾಸ್ತಿ ಇನ್ನೊಂದು ಕಡೆ 'ಶ್ರೀನಿವಾಸ'. ಶೀಟ್‌ಗೆ ಇವರೆಲ್ಲ ಬೇರೆ ಬೇರೆ ಜನ. 'ದ.ರಾ.' ನಡುವೆ ಒಂದು ಸ್ಪೇಸ್ ಜಾಸ್ತಿಯಾದರೂ ಸಾಕು, ಫಿಲ್ಟರ್‌ನಲ್ಲಿ ಇಬ್ಬರು ಬೇಂದ್ರೆ!

ವಿಕಿಡೇಟಾ ಅಂದರೆ ವಿಕಿಪೀಡಿಯ ಬಳಗದ್ದೇ ಆದ, ಎಲ್ಲರಿಗೂ ತೆರೆದಿರುವ ಮಾಹಿತಿ ಭಂಡಾರ. 2012ರಲ್ಲಿ ಶುರುವಾದ ಇದರಲ್ಲಿ ಪ್ರತಿ ವ್ಯಕ್ತಿಗೂ 'ಕ್ಯೂ' ಅಕ್ಷರದ ಒಂದು ನಂಬರ್ ಇರುತ್ತದೆ. ಕಾವ್ಯನಾಮ, ಪೂರ್ತಿ ಹೆಸರು, ಇಂಗ್ಲಿಷ್ ಸ್ಪೆಲಿಂಗ್ ಎಲ್ಲವೂ ಅದರಡಿ. ಪುಸ್ತಕದ ದಾಖಲೆ ಕೊಂಡಿ ಹಾಕುವುದು ಹೆಸರಿಗಲ್ಲ, ಆ ನಂಬರಿಗೆ. ಕೃತಿ ಬೇರೆ, ಅದರ ಆವೃತ್ತಿ ಬೇರೆ ಎನ್ನುವುದು ಅಲ್ಲಿನ ಪದ್ಧತಿ. 'ಸಂಸ್ಕಾರ' ಕಾದಂಬರಿಗೆ ಒಂದು ದಾಖಲೆಯಾದರೆ, 1976ರ ಇಂಗ್ಲಿಷ್ ಅನುವಾದಕ್ಕೆ ಇನ್ನೊಂದು, 1970ರ ಸಿನಿಮಾಗೆ ಮತ್ತೊಂದು. ಪ್ರತಿ ಮಾಹಿತಿಯ ಜೊತೆಗೂ ಅದರ ಮೂಲ ಸೇರಿಸುವ ಜಾಗವಿದೆ. ಶೀಟ್‌ನಲ್ಲಿ ಅದು ಯಾವುದೋ ಕಾಮೆಂಟ್‌ನಲ್ಲಿ ಹುದುಗಿ ಹೋಗುತ್ತದೆ, ಅಲ್ವಾ?

ಆದರೆ ವಿಕಿಡೇಟಾ ನಿಮ್ಮ ಸ್ವಂತದ್ದಲ್ಲ. ಬೇರೆಯವರೂ ತಿದ್ದಬಹುದು. ನಿಮ್ಮ ಬೀರು ನಂಬರಿಗೆ ಅಲ್ಲಿ ಜಾಗವಿಲ್ಲ.

ಇನ್ನೂರು ಮುನ್ನೂರು ಪುಸ್ತಕಕ್ಕೆ ನನ್ನ ಪ್ರಕಾರ ಶೀಟ್ಸ್ ಸಾಕು. ಲೇಖಕರಿಗೆ ಮಾತ್ರ ಬೇರೆ ಹಾಳೆ ಮಾಡಿ, ಪಕ್ಕದಲ್ಲಿ ವಿಕಿಡೇಟಾ ನಂಬರ್ ಹಾಕಿ. ಪಟ್ಟಿ ಎಲ್ಲರಿಗೂ ಸಿಗಬೇಕು ಅನ್ನುವವರು ನೇರವಾಗಿ ವಿಕಿಡೇಟಾಗೆ ಹೋಗುವುದೇ ಸರಿ.