ಹದಿನಾಲ್ಕು ಮಳೆಗಾಲಗಳ ವಿಎಲ್‌ಸಿ

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಚೇರಂಬಾಣೆಗೆ ಹತ್ತಿರವಿರುವ ನಮ್ಮ ತೋಟದ ಮನೆಯಲ್ಲಿ ಮಳೆಗಾಲದಲ್ಲಿ ಒಂದು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದು ಸುಲಭದ ಕೆಲಸವಲ್ಲ. ಕರೆಂಟು ಹೋದರೆ ಮೂರು ದಿನ ಬಾರದಿರುವುದುಂಟು. ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ತುಂಡಾದರೆ ಇಂಟರ್ನೆಟ್ಟಿನ ಆಸೆಯನ್ನು ವಾರದ ಮಟ್ಟಿಗೆ ಬಿಡಬೇಕಾಗುತ್ತದೆ. ಇವೆರಡೂ ಸರಿಯಿದ್ದ ಅಪರೂಪದ ಸಂಜೆ, ಹೆಂಚು ತೆಗೆದು ಹಾಕಿಸಿದ ಶೀಟಿನ ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿ ಹೊಡೆಯುತ್ತದೆಂದರೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ. ನಾನು 2011ರಿಂದ ಬಳಸುತ್ತಿರುವ ವಿಎಲ್‌ಸಿ ಮೀಡಿಯಾ ಪ್ಲೇಯರ್ ಎಂಬ, ಕಂಪ್ಯೂಟರಿನಲ್ಲಿ ವಿಡಿಯೊ ಮತ್ತು ಹಾಡು ಆಡಿಸುವ ತಂತ್ರಾಂಶದ ಬಗ್ಗೆ ಬರೆಯುವಾಗ ಈ ಮೂರು ಸಂಗತಿಗಳನ್ನು ಬಿಟ್ಟು ಬರೆಯಲು ನನಗೆ ಸಾಧ್ಯವಿಲ್ಲ, ಏಕೆಂದರೆ ಅದರ ಯಾವ ಗುಣ ಮುಖ್ಯ, ಯಾವುದು ಬರೀ ಅಲಂಕಾರ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಇವೇ.

ಆರಂಭದಲ್ಲಿ ಅದು 1.1ನೆಯ ಆವೃತ್ತಿಯಾಗಿತ್ತು. ಮಡಿಕೇರಿಯ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರೇ ಅದನ್ನು ಹಾಕಿ ಕೊಟ್ಟಿದ್ದರು. ಅದರ ಗುರುತಾದ ಕಿತ್ತಳೆ ಮತ್ತು ಬಿಳಿ ಪಟ್ಟೆಯ ಶಂಕುವನ್ನು ತೆರೆಯ ಮೇಲೆ ಕಂಡು, ರಸ್ತೆ ಕಾಮಗಾರಿಯ ಜಾಗದಲ್ಲಿ ಇಡುವ ವಸ್ತುವಿಗೂ ಸಿನಿಮಾಕ್ಕೂ ಏನು ಸಂಬಂಧವೆಂದು ಆಶ್ಚರ್ಯಪಟ್ಟಿದ್ದೆ. ಉತ್ತರ ಪ್ಯಾರಿಸ್ಸಿನಲ್ಲಿತ್ತು. ಅಲ್ಲಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ತಮ್ಮ ಕ್ಯಾಂಪಸ್ಸಿನ ಜಾಲದಲ್ಲಿ ವಿಡಿಯೊ ಹರಿಸುವ ಸಲುವಾಗಿ ವಿಡಿಯೊಲ್ಯಾನ್ ಎಂಬ ಯೋಜನೆಯನ್ನು ಆರಂಭಿಸಿದರು. ಅವರು ಬೀದಿಯಿಂದ ಎತ್ತಿಕೊಂಡು ಬಂದು ಕೂಡಿಹಾಕುತ್ತಿದ್ದ ಶಂಕುಗಳೇ ಮುಂದೆ ತಂತ್ರಾಂಶದ ಗುರುತಾದವು. ಫೆಬ್ರವರಿ 2001ರಲ್ಲಿ ಅದನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಗಿ ಬಿಡಲಾಯಿತು. ಆಗಸ್ಟ್ 2018ರಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ ಮೇಲೆ ನಮ್ಮ ಜಿಲ್ಲೆಯ ರಸ್ತೆಗಳ ಅಂಚಿನಲ್ಲಿ ಇಂಥ ಶಂಕುಗಳು ಎಷ್ಟು ಸಾಮಾನ್ಯವಾದವೆಂದರೆ, ಅಕ್ಕನ ಮಗ ಒಮ್ಮೆ ಕಾರಿನ ಕಿಟಕಿಯಿಂದ ನೋಡುತ್ತ "ಮಾವ, ಇಲ್ಲೆಲ್ಲ ಸಿನಿಮಾ ಹಾಕ್ತಾರಾ?" ಎಂದು ಕೇಳಿದ್ದ.

ಜಾಲದಲ್ಲಿ ವಿಡಿಯೊ ಹರಿಸಲು ಹುಟ್ಟಿದ್ದೆಂಬುದು ಬರೀ ಇತಿಹಾಸವಲ್ಲ. ನಿತ್ಯದ ಬಳಕೆಯಲ್ಲಿ ಅದರ ಫಲ ಕಾಣುತ್ತದೆ. ಜಾಲದಲ್ಲಿ ಹರಿದು ಬರುವ ದತ್ತಾಂಶದ ತುಣುಕುಗಳು ನಡುನಡುವೆ ಕಳೆದುಹೋಗುವುದು ಸಹಜವಾದ್ದರಿಂದ, ಸಿಕ್ಕಿದಷ್ಟನ್ನು ಹಿಡಿದು ಮುಂದೆ ಸಾಗುವ ಸ್ವಭಾವ ಈ ಪ್ಲೇಯರಿಗೆ ಮೊದಲಿನಿಂದಲೂ ಇದೆ. ನಕಲು ಮಾಡುತ್ತಿರುವಾಗಲೇ ಕರೆಂಟು ಹೋಗಿ ಅರ್ಧಕ್ಕೆ ನಿಂತ ಫೈಲುಗಳು ನನ್ನ ಹಾರ್ಡ್‌ಡಿಸ್ಕಿನಲ್ಲಿ ಹಲವಿವೆ. ಬೇರೆ ಪ್ಲೇಯರುಗಳು ಅವನ್ನು ತೆರೆಯಲು ಒಪ್ಪದೆ ಕೈಚೆಲ್ಲಿದರೆ, ವಿಎಲ್‌ಸಿಯು ಎವಿಐ ಫೈಲಿನ ಸೂಚಿ ಹಾಳಾಗಿದೆಯೆಂದು ತಿಳಿಸಿ, ಸೂಚಿಯನ್ನು ಮತ್ತೆ ಕಟ್ಟಿಕೊಳ್ಳಲೋ ಇದ್ದ ಹಾಗೆಯೇ ಆಡಿಸಲೋ ಎಂದು ಕೇಳುತ್ತದೆ. 1990ರ ದಶಕದ ಕ್ಯಾಸೆಟ್ಟಿನಿಂದ ಸಿಡಿಗೆ ಇಳಿಸಿದ ಅಣ್ಣನ ಮದುವೆಯ ವಿಡಿಯೊ ಹೀಗೆಯೇ ಉಳಿಯಿತು. ಡಿಎಟಿ ಎಂಬ ಹೆಸರಿನ ಆ ಹಳೆಯ ವಿಸಿಡಿ ಫೈಲಿನ ಮಧ್ಯದಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ಹೋಗುತ್ತದೆ, ಆದರೆ ವಾಲಗದ ಸದ್ದು ಮಾತ್ರ ನಿಲ್ಲುವುದಿಲ್ಲ. ತೀರಿಕೊಂಡ ಅಜ್ಜಿಯ ಧ್ವನಿಯನ್ನು ಹಳೆಯ ಕೀಪ್ಯಾಡ್ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಎಎಂಆರ್ ಫೈಲುಗಳನ್ನೂ ಇದರಲ್ಲಿಯೇ ಕೇಳುತ್ತೇವೆ. ಇಂಥ ಫೈಲುಗಳನ್ನು ಬಿಚ್ಚಿ ಓದುವ ಪುಟ್ಟ ತಂತ್ರಾಂಶಗಳಾದ ಕೊಡೆಕ್‌ಗಳನ್ನು ಪ್ರತ್ಯೇಕವಾಗಿ ಹುಡುಕಿ ಹಾಕಿಕೊಳ್ಳುವ ತಾಪತ್ರಯ ಇದರಲ್ಲಿಲ್ಲ. ಎಲ್ಲವೂ ಒಳಗೇ ಇವೆ.

ಇನ್ನು ಸದ್ದಿನ ವಿಷಯ. ಈಗಿನ ಸಿನಿಮಾಗಳ ಬಗ್ಗೆ ನನಗೆ ಒಂದು ದೊಡ್ಡ ಅಸಮಾಧಾನವಿದೆ. ಪಾತ್ರಗಳು ಪಿಸುಗುಟ್ಟುತ್ತವೆ, ಮರುಕ್ಷಣವೇ ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತದೆ. ಚಿತ್ರಮಂದಿರದ ಐದಾರು ದಿಕ್ಕಿನ ಸ್ಪೀಕರುಗಳಿಗೆ ಹೊಂದಿಸಿದ ಧ್ವನಿಪಥದಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಲ್ಲಿರುತ್ತದೆ. ಅದನ್ನೇ ಲ್ಯಾಪ್‌ಟಾಪಿನ ಎರಡು ಪುಟ್ಟ ಸ್ಪೀಕರುಗಳಿಗೆ ಬೆರೆಸಿ ಇಳಿಸಿದಾಗ ಮಾತು ಸದ್ದಿನಡಿಯಲ್ಲಿ ಹೂತುಹೋಗುತ್ತದೆ. ಅದರ ಮೇಲೆ ಜುಲೈ–ಆಗಸ್ಟ್ ನಡುವೆ ಬರುವ ನಮ್ಮ ಕಕ್ಕಡ ತಿಂಗಳ ಮಳೆ. ಮೊದಲ ಕೆಲವು ವರ್ಷ ನಾನು ಮಾಡುತ್ತಿದ್ದುದು ಎಲ್ಲರೂ ಮಾಡುವುದನ್ನೇ: ಧ್ವನಿಯನ್ನು ನೂರರ ಗೆರೆ ದಾಟಿಸಿ ಏರಿಸುವುದು. ವಿಎಲ್‌ಸಿಯಲ್ಲಿ ಅದಕ್ಕೆ ಅವಕಾಶವಿದೆ, ಈಗಿನ ಆವೃತ್ತಿಗಳಲ್ಲಿ ಧ್ವನಿಪಟ್ಟಿ 125ರವರೆಗೆ ಹೋಗುತ್ತದೆ. ಆದರೆ ನೂರರಿಂದಾಚೆಗೆ ಏರಿಸುವುದೆಂದರೆ ಇದ್ದ ಧ್ವನಿಯನ್ನೇ ಹಿಗ್ಗಿಸುವುದು, ಹಾಗಾಗಿ ಮೊದಲೇ ಜೋರಾಗಿರುವ ಭಾಗಗಳು ಕರ್ಕಶವಾಗಿ ಒಡೆಯುತ್ತವೆ. ಮಾತು ಸ್ವಲ್ಪ ಕೇಳಿಸಿತು ಎನ್ನುವಷ್ಟರಲ್ಲಿ ಹೊಡೆದಾಟದ ದೃಶ್ಯ ಬಂದು ಸ್ಪೀಕರು ಗೊರಗೊರ ಎನ್ನುತ್ತಿತ್ತು.

ನಿಜವಾದ ಪರಿಹಾರ ಟೂಲ್ಸ್ ಪಟ್ಟಿಯ ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್ ಎಂಬಲ್ಲಿ, ಸದ್ದಿನ ಬೇರೆಬೇರೆ ಸ್ಥಾಯಿಗಳನ್ನು ಏರಿಸಿ ಇಳಿಸುವ ಈಕ್ವಲೈಜರಿನ ಪಕ್ಕದಲ್ಲಿ, ಕಂಪ್ರೆಸರ್ ಎಂಬ ಹೆಸರಿನಲ್ಲಿ ಅಡಗಿತ್ತು. ನಾನು ಅದನ್ನು ಕಂಡುಕೊಂಡದ್ದು ಏಳನೆಯದೋ ಎಂಟನೆಯದೋ ಮಳೆಗಾಲದಲ್ಲಿ. ಒಂದು ಮಿತಿಗಿಂತ ಜೋರಾದ ಸದ್ದನ್ನು ಅದು ಅದುಮಿ ಹಿಡಿಯುತ್ತದೆ, ಆಮೇಲೆ ಒಟ್ಟು ಧ್ವನಿಯನ್ನು ಮೇಲೆತ್ತುತ್ತದೆ. ಇದರಿಂದ ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರ ಕಿರಿದಾಗುತ್ತದೆ. ಹಲವು ಸಂಜೆಗಳ ಪ್ರಯೋಗದ ನಂತರ ನಾನು ನೆಲೆನಿಂತ ಅಳತೆಗಳು ಹೀಗಿವೆ: ಥ್ರೆಶೋಲ್ಡ್ (ಅದುಮುವುದು ಶುರುವಾಗುವ ಮಿತಿ) ಮೈನಸ್ 20 ಡೆಸಿಬೆಲ್, ರೇಶಿಯೊ (ಅದುಮುವ ಪ್ರಮಾಣ) 4, ಮೇಕಪ್ ಗೇನ್ (ಆಮೇಲೆ ಮೇಲೆತ್ತುವ ಅಳತೆ) 12. ಇದರ ಜೊತೆಗೆ ಈಕ್ವಲೈಜರಿನಲ್ಲಿ ಮಾತಿನ ಸ್ಪಷ್ಟತೆ ಇರುವ 1ರಿಂದ 3 ಕಿಲೋಹರ್ಟ್ಸಿನ ಪಟ್ಟಿಗಳನ್ನು ಸ್ವಲ್ಪ ಏರಿಸಿ, ತೀರ ಕೆಳಗಿನ ಪಟ್ಟಿಗಳನ್ನು ಇಳಿಸಿದರೆ, ಶೀಟಿನ ಮೇಲೆ ಮಳೆ ಸುರಿಯುತ್ತಿರುವಾಗಲೂ ಸಂಭಾಷಣೆಯ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಹೀಗೆ ಹೊಂದಿಸಿದ ದಿನ ಎಪ್ಪತ್ತೆಂಟು ವಯಸ್ಸಿನ ಅಪ್ಪ "ಅವ ಏನು ಹೇಳಿದ?" ಎಂದು ಒಮ್ಮೆಯೂ ಕೇಳದೆ ಒಂದು ಸಿನಿಮಾವನ್ನು ನೋಡಿ ಮುಗಿಸಿದರು. ಚಿತ್ರ ಚೆನ್ನಾಗಿರಲಿಲ್ಲ ಎಂದರು. ಆದರೆ ಅಷ್ಟು ಹೇಳಲಾದರೂ ಕೇಳಿಸಬೇಕಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಂಪ್ರೆಸರ್ ಹಾಕಿಕೊಂಡು ಸಂಗೀತ ಕೇಳಬಾರದು. ನಿಧಾನವಾಗಿ ಏರುವ ಆಲಾಪವೆಲ್ಲ ಇಸ್ತ್ರಿ ಹಾಕಿದ ಬಟ್ಟೆಯಂತೆ ಚಪ್ಪಟೆಯಾಗುತ್ತದೆ. ಸಿನಿಮಾ ಮುಗಿದೊಡನೆ ಅದನ್ನು ತೆಗೆಯಲು ಮರೆತು, ಮರುದಿನ ಬೆಳಿಗ್ಗೆ ಹಾಡು ಹಾಕಿ, ಹಾಡಿದವರ ಮೇಲೆಯೇ ತಪ್ಪು ಹೊರಿಸಿದ್ದೂ ಉಂಟು.

ಸಂಗೀತಕ್ಕೆ ವಿಎಲ್‌ಸಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಎಲ್ಲ ಬಗೆಯ ಫೈಲುಗಳನ್ನೂ ಅದು ಆಡಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈಗ ಚಾಲ್ತಿಯಲ್ಲಿರುವ ಮೂರನೆಯ ಸರಣಿಯಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಬಿರುಕಿಲ್ಲದೆ ಸಾಗುವ ವ್ಯವಸ್ಥೆಯಿಲ್ಲ. ರಾಗ ಒಂದು ಟ್ರ್ಯಾಕಿನಿಂದ ಮತ್ತೊಂದಕ್ಕೆ ಹರಿಯುವ ಕಛೇರಿಯ ಧ್ವನಿಮುದ್ರಿಕೆಗಳಲ್ಲಿ ಆ ಕ್ಷಣಮಾತ್ರದ ಮೌನ ಕಲ್ಲಿನಂತೆ ಹಲ್ಲಿಗೆ ಸಿಗುತ್ತದೆ. ಕಂಪ್ಯೂಟರಿನ ಆವೃತ್ತಿಯಲ್ಲಿ ಹಾಡುಗಳ ಸಂಗ್ರಹವನ್ನು ಅಚ್ಚುಕಟ್ಟಾಗಿ ಜೋಡಿಸಿಡುವ ಅನುಕೂಲವೂ ಕಡಿಮೆ. ನನ್ನ ಮಟ್ಟಿಗೆ ಬೆಳಗಿನ ಸಂಗೀತವೆಂದರೆ ಇಂದಿಗೂ ಮಡಿಕೇರಿ ಆಕಾಶವಾಣಿಯೇ.

ಜಪಾನಿನ ಆನಿಮೇಷನ್ ಚಿತ್ರಗಳಾದ ಆನಿಮೆಯ ರುಚಿ ಹತ್ತಿಸಿದವನು ಅಕ್ಕನ ಮಗ. ಬೆಂಗಳೂರಿನಿಂದ ರಜೆಗೆ ಬರುವಾಗ ಹಾರ್ಡ್‌ಡಿಸ್ಕ್ ತುಂಬಿಸಿಕೊಂಡು ಬರುತ್ತಾನೆ. ಮೊದಮೊದಲು ಮಕ್ಕಳ ಕಾರ್ಟೂನೆಂದು ದೂರ ಕುಳಿತಿದ್ದ ನಾನು ಈಗ ಅವನಿಗಿಂತ ಮೊದಲು ಕುರ್ಚಿ ಹಿಡಿಯುತ್ತೇನೆ. ಮಳೆಯನ್ನು ಜಪಾನಿನವರು ಬಿಡಿಸುವ ಹಾಗೆ ಬೇರೆ ಯಾರೂ ಬಿಡಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒದ್ದೆ ರಸ್ತೆ, ಸೂರಿನಿಂದ ತೊಟ್ಟಿಕ್ಕುವ ನೀರು, ಕೊಡೆಯೊಳಗಿನ ಮಬ್ಬು ಬೆಳಕು ಇವೆಲ್ಲ ನಮ್ಮ ಜುಲೈ ತಿಂಗಳಂತೆಯೇ ಕಾಣುತ್ತವೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಮೂಲ ಜಪಾನಿ ಧ್ವನಿಯ ಜೊತೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡುವುದರಿಂದ ಶೀಟಿನ ಸದ್ದಿನ ಚಿಂತೆಯೇ ಇಲ್ಲ. ಒಂದೇ ಫೈಲಿನಲ್ಲಿ ಎರಡು ಭಾಷೆಯ ಧ್ವನಿಯೂ ನಾಲ್ಕಾರು ಸಬ್‌ಟೈಟಲ್ಲುಗಳೂ ಇರುವಾಗ ಕೀಲಿಮಣೆಯ ಬಿ ಒತ್ತಿದರೆ ಧ್ವನಿ ಬದಲಾಗುತ್ತದೆ, ವಿ ಒತ್ತಿದರೆ ಸಬ್‌ಟೈಟಲ್ ಬದಲಾಗುತ್ತದೆ. ಸಬ್‌ಟೈಟಲ್ ಮಾತಿಗಿಂತ ಹಿಂದುಮುಂದಾದರೆ ಜಿ ಮತ್ತು ಎಚ್ ಗುಂಡಿಗಳಿಂದ 50 ಮಿಲಿಸೆಕೆಂಡಿನಷ್ಟು ಅತ್ತಿತ್ತ ಸರಿಸಬಹುದು. ಈ ನಾಲ್ಕು ಗುಂಡಿಗಳನ್ನು ಕಲಿತವರು ಮತ್ತೆ ಮೌಸ್ ಹುಡುಕುವುದಿಲ್ಲ.

ಕನ್ನಡ ಸಬ್‌ಟೈಟಲ್ಲಿನ ಕಥೆ ಬೇರೆ. ಅಪ್ಪನಿಗಾಗಿ ನಾನೇ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡದಲ್ಲಿ ಸಾಲುಗಳನ್ನು ಬರೆದು ಎಸ್‌ಆರ್‌ಟಿ ಫೈಲು ಮಾಡಿದೆ. ಮೊದಲ ಸಲ ತೆರೆಯ ಮೇಲೆ ಬಂದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ತಪ್ಪು ನನ್ನದೇ: ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೆಯ ಆಸ್ಕಿ ಪದ್ಧತಿಯಲ್ಲಿ ಟೈಪು ಮಾಡಿದ್ದೆ, ಆ ಪಠ್ಯ ಅದೇ ಫಾಂಟಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಒಂದೇ ಫಾಂಟಿಗೆ ಕಟ್ಟುಬೀಳದ ಯೂನಿಕೋಡಿಗೆ ಪರಿವರ್ತಿಸಿ ಯುಟಿಎಫ್-8ರಲ್ಲಿ ಉಳಿಸಿದ ಮೇಲೆ, ಪ್ರಿಫರೆನ್ಸಸ್‌ನ ಸಬ್‌ಟೈಟಲ್ ವಿಭಾಗದಲ್ಲಿ ಎನ್‌ಕೋಡಿಂಗನ್ನೂ ಯುಟಿಎಫ್-8 ಮಾಡಿ, ಫಾಂಟಿನ ಜಾಗದಲ್ಲಿ ನಿರ್ಮಲಾ ಯುಐ ಆರಿಸಿಕೊಂಡೆ. ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಕನ್ನಡದಲ್ಲಿ ಸಬ್‌ಟೈಟಲ್ ಮಾಡುವವರು ಸಾಲನ್ನು ಚಿಕ್ಕದಾಗಿ ಬರೆಯಬೇಕು ಎಂಬ ಇನ್ನೊಂದು ಪಾಠವನ್ನೂ ಅಂದೇ ಕಲಿತೆ. ನಮ್ಮ ಪದಗಳು ಉದ್ದ, ಓದಿ ಮುಗಿಸುವಷ್ಟರಲ್ಲಿ ದೃಶ್ಯ ದಾಟಿಹೋಗಿರುತ್ತದೆ.

ಇಷ್ಟೆಲ್ಲ ತಾಪತ್ರಯವೇಕೆ, ತಿಂಗಳ ಚಂದಾ ಕಟ್ಟಿ ನೋಡಬಾರದೇ ಎಂದು ಕೇಳುವವರಿದ್ದಾರೆ. ಕಟ್ಟಿಯೂ ನೋಡಿದ್ದೇನೆ. ಮಳೆಗಾಲಕ್ಕೆಂದು ಮೊಬೈಲಿಗೆ ಇಳಿಸಿಟ್ಟುಕೊಂಡಿದ್ದ ನಾಲ್ಕು ಸಿನಿಮಾಗಳು, ನೆಟ್‌ವರ್ಕ್ ಇಲ್ಲದ ಐದನೆಯ ದಿನ, ಅವಧಿ ಮುಗಿದಿದೆ, ಮತ್ತೆ ಸಂಪರ್ಕಿಸಿ ಎಂಬ ಸಂದೇಶ ತೋರಿಸಿ ಬಾಗಿಲು ಹಾಕಿಕೊಂಡವು. ವಿಎಲ್‌ಸಿ ಖಾತೆ ತೆರೆಯಲು ಹೇಳುವುದಿಲ್ಲ, ಮೊಬೈಲ್ ಸಂಖ್ಯೆ ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಜಾಹೀರಾತು ಸೇರಿಸುವುದಕ್ಕಾಗಿ ಬಂದ ದೊಡ್ಡ ಮೊತ್ತದ ಪ್ರಸ್ತಾಪಗಳನ್ನು ತಿರಸ್ಕರಿಸಿದ್ದಾಗಿ ಅದರ ಮುಖ್ಯಸ್ಥ ಝಾನ್ ಬಾಪ್ಟಿಸ್ಟ್ ಕೆಂಫ್ ಹೇಳಿಕೊಂಡಿದ್ದಾರೆ. 600 ಕೋಟಿ ಬಾರಿ ಇಳಿಸಿಕೊಳ್ಳಲಾದ ತಂತ್ರಾಂಶವೆಂದು 2025ರ ಆರಂಭದಲ್ಲಿ ಸಂಸ್ಥೆ ಪ್ರಕಟಿಸಿದ್ದನ್ನು ನೆನೆದರೆ, ಆ ನಿರಾಕರಣೆಯ ತೂಕ ತಿಳಿಯುತ್ತದೆ.

ಹೊಸದಾಗಿ ಹಾಕಿಕೊಳ್ಳುವವರು ವಿಡಿಯೊಲ್ಯಾನ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಿದಾಗ ಅದೇ ಶಂಕುವಿನ ಚಿತ್ರ ಹಾಕಿಕೊಂಡ ನಕಲಿ ತಾಣಗಳೂ ಎದುರಾಗುತ್ತವೆ. 2022ರಲ್ಲಿ ಅಸಲಿ ತಾಣವನ್ನೇ ಭಾರತದಲ್ಲಿ ಹಲವು ತಿಂಗಳು ನಿರ್ಬಂಧಿಸಲಾಗಿತ್ತು; ಸಂಸ್ಥೆ ಕಾನೂನು ನೋಟಿಸ್ ಕಳಿಸಿದ ಮೇಲೆ ಅದೇ ವರ್ಷದ ನವೆಂಬರಿನಲ್ಲಿ ನಿರ್ಬಂಧ ತೆರವಾಯಿತು. ಆ ಜುಲೈಯಲ್ಲಿ ಅಕ್ಕನ ಮಗನ ಹೊಸ ಲ್ಯಾಪ್‌ಟಾಪಿಗೆ ಹಾಕಲು ಹೊರಟು, ತಾಣ ತೆರೆಯದಿದ್ದಾಗ, ಎಲ್ಲೋ ಮರ ಬಿದ್ದಿದೆಯೆಂದೇ ನಾವು ಎರಡು ದಿನ ನಂಬಿದ್ದೆವು. ಕೊನೆಗೆ ನನ್ನ ಹಳೆಯ ಪೆನ್‌ಡ್ರೈವಿನಲ್ಲಿದ್ದ ಪ್ರತಿ ಕೆಲಸಕ್ಕೆ ಬಂತು. ಅಂದಿನಿಂದ ಮೇ ತಿಂಗಳಲ್ಲಿ, ಸೌದೆ ಒಳಗಿಡುವ ಹೊತ್ತಿಗೆ, ಹೊಸ ಆವೃತ್ತಿಯ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡುವುದು ರೂಢಿಯಾಗಿದೆ.

2018ರ ಫೆಬ್ರವರಿಯಲ್ಲಿ ಬಂದ 3.0 ಆವೃತ್ತಿ ನನ್ನಂಥ ಹಳೆಯ ಲ್ಯಾಪ್‌ಟಾಪಿನವರಿಗೆ ದೊಡ್ಡ ಉಪಕಾರ ಮಾಡಿತು. ಕುಗ್ಗಿಸಿಟ್ಟ ವಿಡಿಯೊವನ್ನು ಬಿಚ್ಚುವ ಕೆಲಸವನ್ನು ಪ್ರೊಸೆಸರಿನ ಬದಲು ಗ್ರಾಫಿಕ್ಸ್ ಯಂತ್ರಾಂಶಕ್ಕೆ ಒಪ್ಪಿಸುವುದನ್ನು ಅದು ತಾನಾಗಿಯೇ ಮಾಡತೊಡಗಿದ್ದರಿಂದ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಇನ್ವರ್ಟರಿನ ಮೇಲೂ ಹೊರೆ ಕಡಿಮೆ. ನಾಲ್ಕನೆಯ ಆವೃತ್ತಿಯ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಹಳೆಯ ಮುಖಚರ್ಯೆ ಬದಲಾಗಿ, ಸಂಗೀತದ ಭಾಗವೂ ಸುಧಾರಿಸುತ್ತದೆಂಬ ನಿರೀಕ್ಷೆ ನನಗೂ ಇದೆ. ಆದರೆ ಅದು ಬಂದ ದಿನವೇ ಹಳೆಯದನ್ನು ಅಳಿಸುವುದಿಲ್ಲ. ಮೊದಲು ಒಂದು ಕಕ್ಕಡದ ಸಂಜೆ ಅಪ್ಪನನ್ನು ಕೂರಿಸಿ, ಕಂಪ್ರೆಸರ್ ಎಲ್ಲಿಟ್ಟಿದ್ದಾರೆಂದು ಹುಡುಕಿ, ಒಂದು ಸಿನಿಮಾ ಹಾಕಿ ನೋಡಬೇಕು.